ಇಟ್ಟಿಗೆ ಗೋಡೆ ವಾಲ್‌ಪೇಪರ್ ತರ ಕಾಣುತ್ತಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ರಜೆಯಲ್ಲಿ ಅಕ್ರಿಲಿಕ್‌ನಲ್ಲಿ ಚಿತ್ರ ಬಿಡಿಸುವ ಹವ್ಯಾಸ. ಗುರುಪುರ ನದಿ ದಂಡೆಯಲ್ಲಿ ಮುಚ್ಚಿಹೋದ ಹಳೇ ಹಂಚಿನ ಕಾರ್ಖಾನೆಯೊಂದಿದೆ. ಅದರ ಗೋಡೆ ಮತ್ತು ಚಿಮಣಿಯನ್ನು 2 ಅಡಿ ಅಗಲ, 3 ಅಡಿ ಎತ್ತರದ ಕ್ಯಾನ್ವಾಸ್ ಮೇಲೆ ಮಾಡುತ್ತಿದ್ದೇನೆ. ಕೆಂಪು ಬಳಿದು, ಒಣಗಿದ ಮೇಲೆ ಸ್ಕೇಲ್ ಇಟ್ಟು ಬಿಳಿ ಗೆರೆ ಎಳೆದೆ. ಗೋಡೆ ಅನ್ನಿಸುತ್ತಿಲ್ಲ, ವಾಲ್‌ಪೇಪರ್ ಅನ್ನಿಸುತ್ತಿದೆ. ಗೆಳೆಯರೊಬ್ಬರು ವಾಲ್ ಪುಟ್ಟಿ ಹಚ್ಚಿ ಉಬ್ಬು ಮಾಡಿ ಅನ್ನುತ್ತಾರೆ. ಮಾಡಬಹುದಾ? ಮಳೆಗಾಲದಲ್ಲಿ ಕ್ಯಾನ್ವಾಸ್ ಹಾಳಾಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಉತ್ತರ: ನೀವು ಕಳಿಸಿದ ಎರಡು ಫೋಟೊಗಳನ್ನು, ಜಾಗದ್ದೊಂದು, ಕ್ಯಾನ್ವಾಸಿನದ್ದೊಂದು, ಪಕ್ಕಪಕ್ಕ ಇಟ್ಟು ನೋಡಿದೆ. ಡ್ರಾಯಿಂಗ್ ಗಟ್ಟಿಯಾಗಿದೆ. ಅದನ್ನು ಅಳಿಸುವ ಅಗತ್ಯವಿಲ್ಲ. ಆದರೆ ಗೋಡೆಯನ್ನು ಸರಿಯಾಗಿ ನೋಡುವ ಮೊದಲೇ ನೀವು ಇಟ್ಟಿಗೆ ಎಣಿಸಲು ಕೂತಂತಿದೆ.

ಫೋಟೊವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಆ ಗೋಡೆ ಇಟ್ಟಿಗೆಯದ್ದೇ ಅಲ್ಲ, ಮುರಕಲ್ಲಿನದ್ದು, ಅಂದರೆ ನಮ್ಮ ಕಡೆಯ ತೂತು ತೂತಾದ ಕೆಂಪು ಕಲ್ಲಿನದ್ದು (ಲ್ಯಾಟರೈಟ್). ಇಟ್ಟಿಗೆ ಇರುವುದು ಚಿಮಣಿಯಲ್ಲಿ ಮಾತ್ರ. ನೀವು ಎರಡಕ್ಕೂ ಒಂದೇ ಕೆಂಪು, ಒಂದೇ ಅಳತೆ, ಒಂದೇ ಬಿಳಿ ಗೆರೆ ಕೊಟ್ಟಿದ್ದೀರಿ. ಹಾಗಾಗಿ ಗೋಡೆ ಎಲ್ಲಿ ಮುಗಿಯಿತು, ಚಿಮಣಿ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಇಂಥ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಜೇಡಿಮಣ್ಣು ಅಲ್ಲೇ ಸಿಗುತ್ತಿತ್ತು, ಸಾಗಿಸಲು ದೋಣಿ ಅಲ್ಲೇ ಇತ್ತು. ಗೋಡೆಗೆ ಊರಲ್ಲೇ ಸಿಗುವ ಮುರಕಲ್ಲು, ಬಿಸಿ ಹೊಗೆ ಹಾಯುವ ಕಡೆ ಸುಟ್ಟ ಇಟ್ಟಿಗೆ. ನಿಮ್ಮ ಚಿತ್ರದಲ್ಲಿ ಈ ಎರಡೂ ಬೇರೆ ಬೇರೆ ಅಂತ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ಆ ಬಿಳಿ ಗೆರೆಯ ವಿಷಯ. ಹಳೇ ಇಟ್ಟಿಗೆ ಸುಮಾರು 9 ಇಂಚು ಉದ್ದ, 3 ಇಂಚು ಎತ್ತರ. ನಡುವಿನ ಗಾರೆ ಸುಮಾರು 10 ಮಿ.ಮೀ. ನಿಮ್ಮ ಚಿತ್ರದಲ್ಲಿ ಚಿಮಣಿಯ ಬುಡದ ಆರಡಿ ಎತ್ತರ ಒಂದಡಿ ಜಾಗದಲ್ಲಿ ಬಂದಿದೆ. ಹಾಗಾದರೆ ಇಟ್ಟಿಗೆಯ ಎತ್ತರ ಅರ್ಧ ಇಂಚು ಇರಬೇಕು, ಗಾರೆಯ ಸಂದು 2 ಮಿ.ಮೀ.ಗಿಂತಲೂ ಕಮ್ಮಿ. ನಿಮ್ಮ ಗೆರೆ ಅದರ ಮೂರು ಪಟ್ಟು ದಪ್ಪ ಇದೆ. ಹೊಸದಾಗಿ ಮಾಡುವ ಬಹುತೇಕರು ಇಟ್ಟಿಗೆ ದೊಡ್ಡದು ಮಾಡುತ್ತಾರೆ, ಸಂದನ್ನು ಇನ್ನೂ ದೊಡ್ಡದು ಮಾಡುತ್ತಾರೆ. ಜೊತೆಗೆ ಅಚ್ಚ ಬಿಳಿ ಬೇರೆ. ಹಳೇ ಸುಣ್ಣದ ಗಾರೆ ಯಾವತ್ತೂ ಬಿಳಿಯಾಗಿ ಉಳಿಯುವುದಿಲ್ಲ. ಟೈಟಾನಿಯಂ ವೈಟ್‌ಗೆ ರಾ ಅಂಬರ್ (ಮಂಕು ಕಂದು), ಚೂರು ಯೆಲ್ಲೊ ಓಕರ್ (ಮಣ್ಣಿನ ಹಳದಿ) ಸೇರಿಸಿ. ಸಿಮೆಂಟ್ ಮೆತ್ತಿ ದುರಸ್ತಿ ಮಾಡಿದ ಕಡೆ ಮಾತ್ರ ಓಕರ್ ಬಿಟ್ಟು ಅಲ್ಟ್ರಾಮರೀನ್ (ಗಾಢ ನೀಲಿ) ಒಂದು ಚಿಟಿಕೆ ಹಾಕಿ. ಅಲ್ಲಿ ತಣ್ಣನೆಯ ಬೂದು ಬರುತ್ತದೆ. ಒಂದೇ ಗೋಡೆಯಲ್ಲಿ ಹಳದಿ ಛಾಯೆಯ ಹಳೇ ಗಾರೆ, ಬೂದು ಬಣ್ಣದ ಹೊಸ ತೇಪೆ ಎರಡೂ ಕಂಡರೆ, ಅದಕ್ಕೆ ವಯಸ್ಸಾಗಿದೆ ಅಂತ ನೋಡುವವರಿಗೆ ತಾನಾಗಿ ಗೊತ್ತಾಗುತ್ತದೆ.

ಅಳತೆ, ಬಣ್ಣ ಸರಿಯಾದರೂ ಸಂದು ಗೆರೆಯಾಗಿಯೇ ಉಳಿಯಬಹುದು. ಯಾಕೆಂದರೆ ಅದು ಗೆರೆಯಲ್ಲ, ಒಳಕ್ಕೆ ಹೋದ ಜಾಗ. ಹಳೇ ಗೋಡೆಯಲ್ಲಿ ಮಳೆಗೆ ಗಾರೆ ಸವೆದು ಇಟ್ಟಿಗೆಗಿಂತ ಸ್ವಲ್ಪ ಹಿಂದೆ ಸರಿದಿರುತ್ತದೆ. ಎಡ ಮೇಲಿನಿಂದ ಬಿಸಿಲು ಬಿದ್ದರೆ ಮೇಲಿನ ಇಟ್ಟಿಗೆಯ ನೆರಳು ಸಂದಿನ ಮೇಲ್ಭಾಗದಲ್ಲಿ ಬೀಳುತ್ತದೆ. ಕೆಳಗಿನ ಇಟ್ಟಿಗೆಯ ಮೇಲಿನ ಅಂಚು ಬೆಳಕು ಹಿಡಿಯುತ್ತದೆ. ಅಡ್ಡ ಸಂದಿನಲ್ಲಿ ಮೇಲೆ ಕಪ್ಪು, ನಡುವೆ ಗಾರೆ, ಕೆಳಗೆ ಬೆಳಕು. ನಿಂತ ಸಂದಿನಲ್ಲಿ ಎಡಗಡೆ ಕಪ್ಪು, ಬಲಗಡೆಯ ಇಟ್ಟಿಗೆಯ ಅಂಚಿಗೆ ಬೆಳಕು. ಇಷ್ಟನ್ನು ಹತ್ತು ಹದಿನೈದು ಕಡೆ ಸರಿಯಾಗಿ ಮಾಡಿದರೆ ಸಾಕು. ಉಳಿದ ಕಡೆ ಸಂದು ಅರೆಬರೆ ಕಂಡರೂ ಕಣ್ಣು ತುಂಬಿಕೊಳ್ಳುತ್ತದೆ.

ಇಲ್ಲಿ ಡಚ್ ಕಲಾವಿದ ಯಾನ್ ವಾನ್ ಡರ್ ಹೈಡನ್ ನೆನಪಾಗುತ್ತಾನೆ. 1637ರಿಂದ 1712ರವರೆಗೆ ಬದುಕಿದ್ದವನು. ಆಮ್‌ಸ್ಟರ್‌ಡ್ಯಾಮ್‌ನ ಮನೆಗಳನ್ನು ಒಂದೊಂದು ಇಟ್ಟಿಗೆ ಎಣಿಸಬಹುದಾದ ಹಾಗೆ ಬಿಡಿಸುತ್ತಿದ್ದ. ಕೆಂಪು ಬಳಿದು ಅದರ ಮೇಲೆ ಕೂದಲೆಳೆಯಂಥ ತಿಳಿ ಗೆರೆ. ಅಷ್ಟು ಸಣ್ಣ ಗೆರೆ ಕೈಯಲ್ಲೇ ಎಳೆದನೋ, ಯಾವುದಾದರೂ ರೀತಿಯಲ್ಲಿ ಅಚ್ಚೊತ್ತಿದನೋ ಅಂತ ಸಂಶೋಧಕರು ತಲೆಕೆಡಿಸಿಕೊಂಡಿದ್ದಾರೆ. (ಬೆಂಕಿ ಆರಿಸುವ ಹೋಸ್ ಪೈಪ್ ಮಾಡಿದ್ದೂ ಇದೇ ಮನುಷ್ಯ, ಅಣ್ಣತಮ್ಮ ಸೇರಿ. ಊರಿಗೆ ಬೀದಿದೀಪದ ವ್ಯವಸ್ಥೆ ಮಾಡಿದ್ದೂ ಇವನೇ. ಇಂಥ ತಾಳ್ಮೆಯವರಿಗೇ ಇಟ್ಟಿಗೆ ಒಂದೊಂದಾಗಿ ಬಿಡಿಸಲು ಆಗುವುದು.) ಅಂದರೆ ನೀವು ಹಿಡಿದ ದಾರಿಯಲ್ಲಿ ನಡೆಯಲು ಆಗುವುದೇ ಇಲ್ಲ ಅಂತಲ್ಲ. ಆದರೆ ಅಕ್ರಿಲಿಕ್‌ನಲ್ಲಿ ಅದು ಕಷ್ಟ. ಬಣ್ಣ ಬೇಗ ಒಣಗುವುದರಿಂದ ಗೆರೆ ಮೇಲೆ ಕೂತ ಹಾಗೇ ಉಳಿಯುತ್ತದೆ, ಕೆಳಗಿನ ಬಣ್ಣದ ಜೊತೆ ಬೆರೆಯುವುದಿಲ್ಲ. ನಿಮಗೆ ನಾನು ಹೇಳುವುದು ಇದರ ಉಲ್ಟಾ ಕ್ರಮ: ಮೊದಲು ಗಾರೆ, ಮೇಲೆ ಇಟ್ಟಿಗೆ.

ಚಿಮಣಿಯ ಜಾಗಕ್ಕೆಲ್ಲ ಗಾರೆಯ ಬಣ್ಣವನ್ನೇ ಬಳಿಯಿರಿ. ನುಣ್ಣಗೆ ಬೇಡ, ಅಲ್ಲಲ್ಲಿ ಗಾಢ, ಅಲ್ಲಲ್ಲಿ ತಿಳಿ ಇರಲಿ. ಒಣಗಿದ ಮೇಲೆ ಪೆನ್ಸಿಲ್‌ನಲ್ಲಿ ಸಾಲುಗಳನ್ನು ಮಾತ್ರ ಗುರುತು ಮಾಡಿ. ಒಂದೊಂದು ಇಟ್ಟಿಗೆ ಗುರುತು ಮಾಡಬೇಡಿ. ಸ್ಕೇಲ್ ಬದಿಗಿಡಿ. ಇಟ್ಟಿಗೆಯ ಎತ್ತರಕ್ಕೆ ಸರಿಹೊಂದುವ ಅರ್ಧ ಇಂಚಿನ ಫ್ಲಾಟ್ ಬ್ರಷ್ ತೆಗೆದುಕೊಳ್ಳಿ.

ಒಂದು ಇಟ್ಟಿಗೆ ಹೇಗೆ ಮಾಡುವುದು ಅಂತ ಹೇಳುತ್ತೇನೆ. ಪ್ಯಾಲೆಟ್ ಮೇಲೆ ಬರ್ನ್ಟ್ ಸಿಯೆನಾ (ಕೆಂಗಂದು), ಇಂಡಿಯನ್ ರೆಡ್, ಯೆಲ್ಲೊ ಓಕರ್ ಹತ್ತಿರ ಹತ್ತಿರ ಹಾಕಿ. ಕಲಸಬೇಡಿ. ಬ್ರಷ್‌ನ ಒಂದು ಮೂಲೆ ಸಿಯೆನಾದಲ್ಲಿ, ಇನ್ನೊಂದು ಮೂಲೆ ಇಂಡಿಯನ್ ರೆಡ್‌ನಲ್ಲಿ ಅದ್ದಿ. ಎಡದಿಂದ ಬಲಕ್ಕೆ ಒಂದೇ ಎಳೆತ. ಕೊನೆಯಲ್ಲಿ ಬ್ರಷ್ ಎತ್ತುವಾಗ ಅಂಚು ಸ್ವಲ್ಪ ಹರಿದ ಹಾಗೆ ಆಗುತ್ತದೆ, ಅದನ್ನು ತಿದ್ದಬೇಡಿ. ಹಳೇ ಇಟ್ಟಿಗೆಯ ಮೂಲೆ ಹಾಗೇ ಇರುತ್ತದೆ. ಒಣಗಿದ ಮೇಲೆ ಬರ್ನ್ಟ್ ಅಂಬರ್‌ಗೆ ಅಲ್ಟ್ರಾಮರೀನ್ ಸೇರಿಸಿದ ಗಾಢ ಬಣ್ಣದಿಂದ ಕೆಳ ಅಂಚಿಗೆ ಒಂದು ತೆಳು ಎಳೆ ಕೊಡಿ. ಅದು ಪೂರ್ತಿ ಉದ್ದಕ್ಕೆ ಬೇಡ, ಮುಕ್ಕಾಲು ದೂರ ಹೋಗಿ ಕರಗಿ ಹೋಗಲಿ. ಇಂಡಿಯನ್ ರೆಡ್‌ಗೆ ಬಿಳಿ, ಓಕರ್ ಸೇರಿಸಿದ ತಿಳಿ ಬಣ್ಣವನ್ನು ಒಣ ಬ್ರಷ್‌ನಲ್ಲಿ ಮೇಲಂಚಿಗೆ ತಾಗಿಸಿ. ಒಣ ಬ್ರಷ್ ಅಂದರೆ ಬಣ್ಣ ಹಿಡಿದ ಬ್ರಷ್ ಅನ್ನು ಹಳೇ ಬಟ್ಟೆಗೆ ಒರೆಸಿ, ಇನ್ನು ಏನೂ ಉಳಿದಿಲ್ಲ ಅನ್ನುವಾಗ ಕ್ಯಾನ್ವಾಸ್‌ಗೆ ತಾಗಿಸುವುದು. ನೇಯ್ಗೆಯ ಉಬ್ಬಿನ ಮೇಲೆ ಮಾತ್ರ ಬಣ್ಣ ಕೂತು ಒರಟು ಮೈ ಬರುತ್ತದೆ. ಇಟ್ಟಿಗೆಯ ಟೆಕ್ಸ್ಚರ್ ಅಂತ ನೀವು ಹುಡುಕುತ್ತಿರುವುದರಲ್ಲಿ ಜಾಸ್ತಿ ಪಾಲು ಇಲ್ಲೇ ಸಿಗುತ್ತದೆ, ಪುಟ್ಟಿಯಲ್ಲಿ ಅಲ್ಲ.

ಯಾವ ಇಟ್ಟಿಗೆ ಕಪ್ಪು, ಯಾವುದು ಕಿತ್ತಳೆ ಅನ್ನುವುದನ್ನು ಸುಮ್ನೆ ಅಂದಾಜಿಗೆ ಹಾಕಬೇಡಿ. ಮಣ್ಣಿನಲ್ಲಿರುವ ಕಬ್ಬಿಣ ಗೂಡಿನಲ್ಲಿ ಚೆನ್ನಾಗಿ ಗಾಳಿ ಸಿಕ್ಕಿ ಸುಟ್ಟರೆ ಕೆಂಪಾಗುತ್ತದೆ. ಕಮ್ಮಿ ಸುಟ್ಟ ಇಟ್ಟಿಗೆ ತಿಳಿ ಕಿತ್ತಳೆ ಬಣ್ಣದಲ್ಲೇ ನಿಲ್ಲುತ್ತದೆ. ಬೆಂಕಿಗೆ ತೀರಾ ಹತ್ತಿರ ಇದ್ದು ಗಾಳಿ ಸಾಲದೆ ಹೋದರೆ ನೇರಳೆಗಪ್ಪು. ನೀವು ಟ್ಯೂಬಿನಿಂದ ಹಿಂಡುವ ಬರ್ನ್ಟ್ ಸಿಯೆನಾ ಕೂಡ ಹೀಗೇ ಕಬ್ಬಿಣವಿರುವ ಹಳದಿ ಮಣ್ಣನ್ನು ಸುಟ್ಟು ಕೆಂಪು ಮಾಡಿದ ಬಣ್ಣ. ಹಾಗಾಗಿಯೇ ಇಟ್ಟಿಗೆಗೆ ಅದು ಅಷ್ಟು ಚೆನ್ನಾಗಿ ಹೊಂದುವುದು. ಕ್ಯಾಡ್ಮಿಯಂ ರೆಡ್ ಅಥವಾ ಕ್ರಿಮ್ಸನ್ ಹಾಕಿದರೆ ಇಟ್ಟಿಗೆ ಪ್ಲಾಸ್ಟಿಕ್ ಆಗುತ್ತದೆ. ನಿಮ್ಮ ಕ್ಯಾನ್ವಾಸಿನಲ್ಲಿ ಈಗ ಆಗಿರುವುದು ಅದೇ ಅಂತ ನನ್ನ ಅನುಮಾನ. ಹೆಚ್ಚಿನ ಇಟ್ಟಿಗೆಗಳು ನಡು ಬಣ್ಣದಲ್ಲಿರಲಿ. ಕಿತ್ತಳೆಯವು ಅಲ್ಲೊಂದು ಇಲ್ಲೊಂದು. ಕಪ್ಪಿನವು ಇನ್ನೂ ಕಮ್ಮಿ, ಆದರೆ ಒಂದೆರಡು ಕಡೆ ಅಕ್ಕಪಕ್ಕ ಎರಡು ಮೂರು ಒಟ್ಟಿಗೆ ಬರಲಿ. ಮೇಸ್ತ್ರಿ ಒಂದು ಬುಟ್ಟಿಯಲ್ಲಿ ಬಂದದ್ದನ್ನು ಒಂದೇ ಕಡೆ ಇಡುತ್ತಾನೆ, ಆರಿಸುತ್ತಾ ಕೂರುವುದಿಲ್ಲ. ಮೂರು ಇಟ್ಟಿಗೆಗೊಂದು ಕಪ್ಪು ಅಂತ ಲೆಕ್ಕ ಹಾಕಿದರೆ ಮತ್ತೆ ವಾಲ್‌ಪೇಪರ್ ಆಗುತ್ತದೆ.

ಇನ್ನು ಚಿಮಣಿ ದುಂಡಗಿದೆ ಅಲ್ವಾ? ನಿಮ್ಮ ಸಾಲುಗಳೆಲ್ಲ ನೇರ ಇವೆ. ನಿಮ್ಮ ಕಣ್ಣಿನ ಮಟ್ಟದಲ್ಲಿರುವ ಸಾಲು ಮಾತ್ರ ನೇರ ಕಾಣಬೇಕು. ಅದಕ್ಕಿಂತ ಮೇಲಿನವು ನಡುವೆ ಮೇಲಕ್ಕೆ ಬಾಗಬೇಕು. ಮೇಲೆ ಹೋದಷ್ಟೂ ಬಾಗು ಜಾಸ್ತಿ. ಕೆಳಗಿನವು ಕೆಳಕ್ಕೆ ಬಾಗಬೇಕು. ಇಟ್ಟಿಗೆಯ ಅಗಲವೂ ಒಂದೇ ಇರಬಾರದು. ನಡುವೆ ಅಗಲ, ಅಂಚಿಗೆ ಹೋದ ಹಾಗೆ ಕಿರಿದು, ಕೊನೆಯಲ್ಲಿ ಬರೀ ಸೀಳು. ದುಂಡು ಗೋಡೆ ಕಟ್ಟುವಾಗ ಇಟ್ಟಿಗೆಯ ಗಿಡ್ಡ ಮುಖವನ್ನು ಹೊರಗೆ ಇಡುವುದು ವಾಡಿಕೆ. ಉದ್ದ ಮುಖ ಇಟ್ಟರೆ ತಿರುವು ಸರಿಯಾಗಿ ಬರುವುದಿಲ್ಲ. ನಿಮ್ಮ ಫೋಟೊದಲ್ಲೂ ಹಾಗೇ ಇದೆ. ನೀವು ಮಾತ್ರ ಉದ್ದ ಮುಖವನ್ನೇ ಸುತ್ತಲೂ ಬಿಡಿಸಿದ್ದೀರಿ. 9 ಇಂಚಿನ ಜಾಗದಲ್ಲಿ ನಾಲ್ಕೂವರೆ ಇಂಚಿನ ಮುಖ. ಅಂದರೆ ನಿಮ್ಮ ಕ್ಯಾನ್ವಾಸಿನಲ್ಲಿ ಮುಕ್ಕಾಲು ಇಂಚು.

ಇಟ್ಟಿಗೆ ಎಲ್ಲ ಇಟ್ಟು ಮುಗಿದ ಮೇಲೆ ಇಡೀ ಚಿಮಣಿಗೆ ಒಟ್ಟಿಗೆ ನೆರಳು ಕೊಡಿ. ಗ್ಲೇಜಿಂಗ್ ಮೀಡಿಯಂನಲ್ಲಿ (ಬಣ್ಣವನ್ನು ಅಡಿ ಕಾಣುವಷ್ಟು ತೆಳು ಮಾಡುವ ದ್ರವ) ಅಲ್ಟ್ರಾಮರೀನ್, ಬರ್ನ್ಟ್ ಅಂಬರ್ ತೆಳ್ಳಗೆ ಕಲಸಿ ಬಲಗಡೆಗೆ ಎಳೆಯಿರಿ. ಅತಿ ಕಪ್ಪು ಅಂಚಿನಲ್ಲಿ ಬೇಡ, ಅಂಚಿಗಿಂತ ಸ್ವಲ್ಪ ಒಳಗೆ ಬರಲಿ. ಅಂಚಿಗೆ ಆಕಾಶದ ಬೆಳಕು ಸ್ವಲ್ಪ ವಾಪಸ್ ಬರುತ್ತದೆ. ಒಂದೊಂದು ಇಟ್ಟಿಗೆಗೆ ಬೇರೆ ಬೇರೆ ನೆರಳು ಕೊಡುತ್ತಾ ಹೋದರೆ ದುಂಡು ಬರುವುದೇ ಇಲ್ಲ.

ಮುರಕಲ್ಲಿನ ಗೋಡೆಗೆ ಬೇರೆಯೇ ಕ್ರಮ. ಕಲ್ಲು ದೊಡ್ಡದು, ಒಂದಡಿಗಿಂತ ಜಾಸ್ತಿ ಉದ್ದ. ಹಾಗಾಗಿ ಸಂದುಗಳು ಕಮ್ಮಿ, ಕಲ್ಲಿನ ಮೈಗೇ ಜಾಸ್ತಿ ಕೆಲಸ. ಇದರದ್ದು ಒಂದೇ ಕೆಂಪಲ್ಲ. ಒಂದೇ ಕಲ್ಲಿನಲ್ಲಿ ಕೆಂಪು, ಹಳದಿ, ಕಂದು, ಅಲ್ಲಲ್ಲಿ ಬಿಳಿ ಜೇಡಿಯ ಚುಕ್ಕೆ. ಮೈತುಂಬ ತೂತು. ನೀರುದೋಸೆ ತಿರುಗಿಸದೆ ನೋಡಿದರೆ ಹೇಗೋ ಹಾಗೆ, ಒಂದು ತೂತು ಇನ್ನೊಂದರ ಅಳತೆಯಲ್ಲಿಲ್ಲ. ಇದನ್ನು ಬ್ರಷ್‌ನಲ್ಲಿ ಒಂದೊಂದಾಗಿ ಚುಕ್ಕಿ ಇಡುತ್ತಾ ಕೂತರೆ ದಡಾರ ಎದ್ದ ಹಾಗಿರುತ್ತದೆ. ತೆಂಗಿನ ಕತ್ತ ಒಂದು ಹಿಡಿ, ಇಲ್ಲದಿದ್ದರೆ ಒಣಗಿದ ಹೀರೇಕಾಯಿ ನಾರಿನ ತುಂಡು ತೆಗೆದುಕೊಳ್ಳಿ. ಮೊದಲು ಯೆಲ್ಲೊ ಓಕರ್ ಮತ್ತು ಬರ್ನ್ಟ್ ಸಿಯೆನಾ ಬಳಿದು ಒಣಗಿಸಿ. ನಾರಿಗೆ ಬರ್ನ್ಟ್ ಅಂಬರ್ ತಾಗಿಸಿ, ಒಮ್ಮೆ ಹಳೇ ಪೇಪರ್ ಮೇಲೆ ಒತ್ತಿ, ಆಮೇಲೆ ಕಲ್ಲಿನ ಮೇಲೆ ಒತ್ತಿ. ಪ್ರತಿ ಸಲ ನಾರನ್ನು ತಿರುಗಿಸಿ. ಕೊನೆಗೆ ದೊಡ್ಡ ತೂತುಗಳಲ್ಲಿ ಐದಾರನ್ನು ಮಾತ್ರ ಆರಿಸಿ, ಒಳಗೆ ಗಾಢ ಬಣ್ಣ, ಕೆಳ ಅಂಚಿಗೆ ಸಣ್ಣ ಬೆಳಕು ಕೊಡಿ. ಹೊಸ ಮನೆಗಳಲ್ಲಿ ಯಂತ್ರದಲ್ಲಿ ಕೊಯ್ದ ಕಲ್ಲು ಇರುತ್ತದೆ, ಮೈ ಚಪ್ಪಟೆ. ನಿಮ್ಮ ಕಾರ್ಖಾನೆಯದ್ದು ಕೈಯಲ್ಲಿ ಕೆತ್ತಿದ್ದು. ಓರೆ ಓರೆ ಗೀರು ಫೋಟೊದಲ್ಲೇ ಕಾಣುತ್ತಿದೆ. ಆ ಗೀರುಗಳು ಎಲ್ಲ ಕಲ್ಲಿನಲ್ಲೂ ಒಂದೇ ದಿಕ್ಕಿಗೆ ಇಲ್ಲ ಅನ್ನುವುದನ್ನು ಮರೆಯಬೇಡಿ.

ಮಳೆ ಕಲೆಯೂ ಇದ್ದರೇ ಅದು ನಮ್ಮೂರ ಗೋಡೆ. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಅದು ನೈಋತ್ಯದಿಂದ ಬೀಸಿ ಬರುತ್ತದೆ. ಹಿಂದೆ ಮಣ್ಣಿನ ಗೋಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಪಡುಗಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಅದಕ್ಕೇ. ಹಾಗಾಗಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಪಾಚಿ, ಕಪ್ಪು ಜಾಸ್ತಿ. ಪೂರ್ವದ ಗೋಡೆಯಲ್ಲಿ ಕಲ್ಲಿನ ಬಣ್ಣ ಉಳಿದಿರುತ್ತದೆ. ನಿಮ್ಮ ಚಿತ್ರದ ಗೋಡೆ ಯಾವ ದಿಕ್ಕಿನದ್ದು ಅಂತ ಹೋಗಿ ನೋಡಿ ಬನ್ನಿ. ನೀರು ಇಳಿಯುವ ಜಾಗದಲ್ಲಿ, ಅಂದರೆ ಕಿಟಕಿಯ ಕೆಳ ಮೂಲೆ, ಹಂಚು ಒಡೆದ ಕಡೆ, ಕಪ್ಪು ಪಟ್ಟೆ ಮೇಲಿನಿಂದ ಕೆಳಕ್ಕೆ ಬರಲಿ. ಅದು ಸಂದು, ಕಲ್ಲು ಅಂತ ನೋಡದೆ ಎಲ್ಲದರ ಮೇಲೂ ಹಾದು ಹೋಗಲಿ. ಬಣ್ಣ ತೆಳ್ಳಗಿರಲಿ, ಕಲ್ಲು ಅಡಿಯಲ್ಲಿ ಕಾಣಬೇಕು. ಬುಡದಲ್ಲಿ ಒಂದೂವರೆ ಅಡಿಯಷ್ಟು ಕೆಸರು ಸಿಡಿದ ಕಲೆ ಇರುತ್ತದೆ. ಹಳೇ ಟೂತ್ ಬ್ರಷ್‌ನಲ್ಲಿ ನೀರಾದ ಕೆಂಗಂದು ಬಣ್ಣವನ್ನು ಕೆಳಗಿನಿಂದ ಮೇಲಕ್ಕೆ ಸಿಡಿಸಿ. ಮಣ್ಣು ಹಾರುವುದೂ ಹಾಗೇ. ಪಾಚಿಗೆ ಟ್ಯೂಬಿನ ಹಸಿರು ನೇರ ಹಾಕಬೇಡಿ. ಯೆಲ್ಲೊ ಓಕರ್‌ಗೆ ಅಲ್ಟ್ರಾಮರೀನ್, ಚೂರು ಅಂಬರ್ ಸೇರಿಸಿದರೆ ಬರುವ ಮಂಕು ಹಸಿರು ಸಾಕು. ಪಾಚಿ ಮೊದಲು ಸಂದಿನಲ್ಲಿ, ಆಮೇಲೆ ಕಲ್ಲಿನ ಮೇಲೆ.

ಬೆಳಕಿನ ಬಗ್ಗೆ ಒಂದು ಮಾತು. ನಿಮ್ಮ ಫೋಟೊ ಮೋಡದ ದಿನದ್ದು. ಮೋಡದಲ್ಲಿ ನೆರಳಿಲ್ಲ, ಒದ್ದೆ ಗಾರೆ ಕಪ್ಪಾಗಿ ಸಂದೂ ಸರಿಯಾಗಿ ಕಾಣುವುದಿಲ್ಲ. ಅದು ಚೆಂದವೇ, ಆದರೆ ಅದನ್ನು ನೋಡಿ ಉಬ್ಬುತಗ್ಗು ಕಲಿಯಲು ಆಗುವುದಿಲ್ಲ. ಗೋಡೆ ಪಶ್ಚಿಮಕ್ಕಿದ್ದರೆ ಬಿಸಿಲಿರುವ ದಿನ ಮಧ್ಯಾಹ್ನ ಒಂದು ಗಂಟೆ ಆಸುಪಾಸಿಗೆ ಹೋಗಿ. ಬಿಸಿಲು ಗೋಡೆಯನ್ನು ಮೇಲಿನಿಂದ ಸವರಿಕೊಂಡು ಇಳಿಯುವಾಗ ಪ್ರತಿ ಸಂದಿನ ನೆರಳೂ ಎದ್ದು ಕಾಣುತ್ತದೆ. ಸಂಜೆ ನಾಲ್ಕೂವರೆಗೆ ಹೋದರೆ ಬೆಳಕು ನೇರ ಮುಖಕ್ಕೆ ಬಿದ್ದು ಎಲ್ಲ ಚಪ್ಪಟೆ.

ಈಗ ಪುಟ್ಟಿ. ಬೇಡ. ವಾಲ್ ಪುಟ್ಟಿ ಹೆಚ್ಚಾಗಿ ಬಿಳಿ ಸಿಮೆಂಟಿನದ್ದು. ಗಟ್ಟಿ ಗೋಡೆಗೆ ಅಂತ ಮಾಡಿದ್ದು. ಕ್ಯಾನ್ವಾಸ್ ಬಟ್ಟೆ, ಅದು ಅಲುಗುತ್ತದೆ. ನಮ್ಮ ಹವೆಯಲ್ಲಂತೂ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಹಿಗ್ಗುತ್ತದೆ, ಕುಗ್ಗುತ್ತದೆ. ಪುಟ್ಟಿ ಅದರ ಜೊತೆ ಅಲುಗುವುದಿಲ್ಲ. ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಫೆವಿಕಾಲ್ ಕಲಸಿದರೆ ಸ್ವಲ್ಪ ದಿನ ತಡೆಯಬಹುದು, ಅಷ್ಟೇ. ಉಬ್ಬು ಬೇಕೇ ಬೇಕು ಅಂದರೆ ಅಕ್ರಿಲಿಕ್ ಮಾಡೆಲಿಂಗ್ ಪೇಸ್ಟ್ (ಉಬ್ಬು ಮಾಡಲೆಂದೇ ಇರುವ ದಪ್ಪ ಲೇಪ) ತೆಗೆದುಕೊಳ್ಳಿ. ಪ್ಯಾಲೆಟ್ ನೈಫ್‌ನಲ್ಲಿ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ. ದಪ್ಪಗೆ ಒಂದೇ ಸಲ ಮೆತ್ತಿದರೆ ಅದೂ ಬಿರುಕು ಬಿಡುತ್ತದೆ. ಇಡೀ ಗೋಡೆಗೆ ಹಚ್ಚಬೇಡಿ. ಮುಂದಿನ ಸಾಲಿನ ಕೆಲವು ಕಲ್ಲುಗಳಿಗೆ ಸಾಕು. ದೂರದ ಚಿಮಣಿಯ ತುದಿಯೂ ಹತ್ತಿರದ ಕಲ್ಲಿನಷ್ಟೇ ಉಬ್ಬಿದ್ದರೆ ಅದು ಮುಂದಕ್ಕೆ ಬಂದು ನಿಲ್ಲುತ್ತದೆ. ಪುಟ್ಟಿಯೇ ಕೈಲಿದೆ, ಖರ್ಚು ಮಾಡಲು ಮನಸ್ಸಿಲ್ಲ ಅಂತಾದರೆ ಕ್ಯಾನ್ವಾಸ್ ಬಿಟ್ಟು ಪ್ಲೈವುಡ್ ಹಲಗೆ ಮೇಲೆ ಬೇರೆ ಚಿತ್ರ ಮಾಡಿ.

ಬಣ್ಣಕ್ಕೆ ಮೊದಲು ಕ್ಯಾನ್ವಾಸ್‌ಗೆ ಬಳಿಯುವ ಬಿಳಿ ಅಡಿಲೇಪ ಜೆಸ್ಸೊಗೆ ಮರಳು ಸೇರಿಸುವವರೂ ಇದ್ದಾರೆ. ಒಳ್ಳೆಯ ಉಪಾಯವೇ. ಆದರೆ ಪಣಂಬೂರಿಗೋ ಮಲ್ಪೆಗೋ ಹೋದಾಗ ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿಸಿಕೊಂಡು ಬರಬೇಡಿ. ಸಮುದ್ರದ ಮರಳಿನಲ್ಲಿ ಉಪ್ಪಿದೆ. ಉಪ್ಪು ಗಾಳಿಯ ತೇವ ಎಳೆಯುತ್ತದೆ, ಜುಲೈಯಲ್ಲಿ ನಿಮ್ಮ ಚಿತ್ರ ಬೆವರುತ್ತದೆ. ಹೊಳೆ ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ ಹಾಕಿ.

ಮಳೆಗಾಲದ ಪ್ರಶ್ನೆ ನೀವು ಕೇಳಿದ್ದು ಒಳ್ಳೆಯದಾಯಿತು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿ ಮಾಡಿದ ಚಿತ್ರಗಳನ್ನು ನೋಡಿದ್ದೀರಿ ಅಂದುಕೊಳ್ಳುತ್ತೇನೆ. ಅಲ್ಲಿ ಗೋಡೆಯ ಫ್ರೆಸ್ಕೊ (ಹಸಿ ಗಾರೆಯ ಮೇಲೆ ಬಿಡಿಸಿದ ಚಿತ್ರ) ಜೊತೆಗೆ ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳೂ ಇವೆ. ನೂರು ವರ್ಷದ ಹೊತ್ತಿಗೆ, 1990ರ ದಶಕದಲ್ಲಿ, ಪರಂಪರೆಯನ್ನು ಉಳಿಸುವ ಸಂಸ್ಥೆ ಇಂಟಾಕ್‌ನ ತಜ್ಞರು ಬಂದು ಅವುಗಳನ್ನು ದುರಸ್ತಿ ಮಾಡಬೇಕಾಯಿತು. ಅಂಥ ಕಟ್ಟಡದೊಳಗೆ ಇದ್ದವಕ್ಕೇ ಹಾಗಾದರೆ ನಮ್ಮ ಮನೆ ಹಜಾರದ ಕತೆ ಹೇಳಬೇಕಾಗಿಲ್ಲ.

ತೇವದ ದಿನಗಳಲ್ಲಿ ಅಕ್ರಿಲಿಕ್ ಒಣಗಲು ಹೊತ್ತು ಬೇಕು. ಮುಟ್ಟಿದರೆ ಒಣಗಿದ ಹಾಗಿದ್ದು ಒಳಗೆ ಹಸಿ ಇರುತ್ತದೆ. ಗ್ಲೇಜ್ ಹಾಕಿದರೆ ಕೆಳಗಿನ ಬಣ್ಣ ಎದ್ದು ಬರುತ್ತದೆ. ಫ್ಯಾನ್ ಕೆಳಗೆ ಇಟ್ಟು ಒಂದು ರಾತ್ರಿ ಬಿಡಿ. ಕ್ಯಾನ್ವಾಸ್ ಜೋಲು ಬಿದ್ದರೆ ಹಿಂದೆ ನೀರು ಚಿಮುಕಿಸಿ ಬಿಗಿ ಮಾಡುವ ಉಪಾಯ ನಮ್ಮ ಹವೆಗೆ ಬೇಡ, ಬೂಷ್ಟು ಬರುತ್ತದೆ. ಚೌಕಟ್ಟಿನ ಮೂಲೆಯಲ್ಲಿ ಮರದ ಬೆಣೆಗಳಿದ್ದರೆ ಮೆಲ್ಲಗೆ ತಟ್ಟಿ. ಬೆಣೆ ಇಲ್ಲದ ಅಗ್ಗದ ಚೌಕಟ್ಟಾದರೆ ಮಳೆ ಮುಗಿಯುವವರೆಗೆ ಕಾಯಿರಿ, ಹೆಚ್ಚಾಗಿ ತಾನೇ ಬಿಗಿಯಾಗುತ್ತದೆ.

ವಾರ್ನಿಶ್ ಅವಸರ ಬೇಡ. ಗಾಳಿಯಲ್ಲಿ ತೇವ ತುಂಬಿರುವಾಗ ಸ್ಪ್ರೇ ವಾರ್ನಿಶ್ ಹೊಡೆದರೆ ಬಿಳಿ ಮಂಜು ಕವಿದ ಹಾಗೆ ಆಗಬಹುದು. ನವೆಂಬರ್ ಕಳೆದು ಒಣ ಹವೆ ಬರಲಿ. ಇಟ್ಟಿಗೆ, ಮುರಕಲ್ಲಿಗೆ ಮ್ಯಾಟ್ ವಾರ್ನಿಶ್ಶೇ ಒಳ್ಳೆಯದು, ಹೊಳೆಯುವುದು ಹಚ್ಚಿದರೆ ಇಷ್ಟು ಹೊತ್ತು ಮಾಡಿದ ಒರಟು ಮೈ ಕಾಣುವುದಿಲ್ಲ. ಮುಂದೆ ಗಾಜು ಹಾಕಿಸಬೇಡಿ, ತೇವ ಒಳಗೇ ಉಳಿಯುತ್ತದೆ. ಮನೆಯ ಪಡುಗಡೆಯ ಹೊರಗೋಡೆಗೆ ತೂಗಹಾಕಬೇಡಿ. ಒಳಗೋಡೆ ಆರಿಸಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ. ಗೋಡೆಗೂ ಬಟ್ಟೆಗೂ ನಡುವೆ ಒಂದು ಬೆರಳಿನಷ್ಟು ಗಾಳಿ ಆಡಿದರೆ ಬೂಷ್ಟು ಹಿಡಿಯುವುದು ತುಂಬ ಕಮ್ಮಿಯಾಗುತ್ತದೆ. ಈಗ ಕ್ಯಾನ್ವಾಸ್ ಮೇಲಿರುವ ಬಿಳಿ ಗೆರೆಗಳನ್ನು ಕೆರೆಯಲು ಹೋಗಬೇಡಿ. 220 ನಂಬರಿನ ಮರಳು ಕಾಗದದಿಂದ ಹಗುರಾಗಿ ಉಜ್ಜಿ, ಧೂಳು ಒರೆಸಿ, ಅದರ ಮೇಲೇ ಗಾರೆಯ ಬಣ್ಣ ಬಳಿದು ಚಿಮಣಿಯಿಂದ ಶುರು ಮಾಡಿ.